ಕಾಳ್ಗಿಚ್ಚಿನ ನಂತರ ಕಾಡಿನ ರಸ್ತೆಗೆ ಬೀಗ: ಬೇಟೆಗಾರರ ಕಾರಣಕ್ಕೆ ಎಲ್ಲರನ್ನೂ ತಡೆಯಬಹುದೇ?

ಜಾಂಬೋಟಿ ಕಡೆಯವ (ಪ್ರಶ್ನೆ)

ಮಾನ್ಯರೇ,

ನಮ್ಮ ಊರು ಖಾನಾಪುರ ತಾಲ್ಲೂಕಿನ ಜಾಂಬೋಟಿ ಭಾಗದಲ್ಲಿದೆ. ಈ ಬೇಸಿಗೆಯಲ್ಲಿ ಊರ ಮೇಲಿನ ಗುಡ್ಡಕ್ಕೆ ಬೆಂಕಿ ಬಿದ್ದು ದೊಡ್ಡ ಪ್ರದೇಶವೇ ಸುಟ್ಟುಹೋಯಿತು. ಬೆಂಕಿ ಆರಿದ ಕೆಲವೇ ದಿನಗಳಲ್ಲಿ ಗುಡ್ಡದೊಳಗೆ ಹೋಗುವ ಕಚ್ಚಾ ರಸ್ತೆಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿಯಲಾಗಿದೆ. ಫಲಕದ ಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂದಷ್ಟೇ ಬರೆದಿದೆ. ಆದೇಶ ಯಾರದು, ಎಲ್ಲಿಯವರೆಗೆ, ಯಾವ ಕಾಯ್ದೆಯ ಅಡಿಯಲ್ಲಿ ಎಂಬುದಾವುದೂ ಅದರಲ್ಲಿಲ್ಲ. ವಿಚಾರಿಸಿದಾಗ, ಸುಟ್ಟ ಕಾಡಿನಲ್ಲಿ ಚಿಗುರು ಬರುತ್ತಿದ್ದಂತೆ ಬೇಟೆಗಾರರು ಜೀಪು, ಬೈಕುಗಳಲ್ಲಿ ನುಗ್ಗುತ್ತಾರೆ, ಅವರನ್ನು ತಡೆಯಲು ಹೀಗೆ ಮಾಡಿದೆ ಎಂಬ ಬಾಯಿಮಾತಿನ ಉತ್ತರ ಸಿಕ್ಕಿತು.

ಈ ಕಾರಣ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಇದೇ ರಸ್ತೆಯಲ್ಲಿ ಮೇಲಿನ ಗೌಳಿವಾಡಾದ, ಅಂದರೆ ದನ ಸಾಕುವ ಗೌಳಿಗರ ಕೇರಿಯ, ಮಂದಿ ಹಾಲು ತರುತ್ತಾರೆ, ಮಕ್ಕಳು ಶಾಲೆಗೆ ಬರುತ್ತಾರೆ, ಮಳೆಗೆ ಮುಂಚೆ ಹೆಣ್ಣುಮಕ್ಕಳು ಮುರುಗಲು ಹಣ್ಣು ಆರಿಸಲು ಹೋಗುತ್ತಾರೆ. ಬೆಂಕಿ ಹತ್ತಿದ ರಾತ್ರಿ ಹಸಿ ಟೊಂಗೆ ಹಿಡಿದು ಬಡಿದು ಆರಿಸಿದವರೂ ಇವರೇ. ಅವರೀಗ ಗೇಟಿನ ಹೊರಗೆ ನಿಂತಿದ್ದಾರೆ. ಅಮೆರಿಕದಲ್ಲಿ ಕಾಡು ಸುಟ್ಟ ನಂತರ ಸಾರ್ವಜನಿಕ ಅರಣ್ಯ ರಸ್ತೆಗಳನ್ನು ಮುಚ್ಚಿದರೆ ಬೇಟೆಗಾರರೇ ತಕರಾರು ತೆಗೆದು ತಮಗೆ ಪ್ರವೇಶ ಬೇಕೆಂದು ಕೇಳುತ್ತಾರಂತೆ. ನಮ್ಮಲ್ಲಿ ಬೇಟೆಗಾರನನ್ನು ತೋರಿಸಿ ಉಳಿದವರ ಪ್ರವೇಶವನ್ನು ತಡೆಯಲಾಗುತ್ತಿದೆ. ಇಂಥ ರಸ್ತೆಯ ಮೇಲೆ ಯಾರಿಗೆ ಎಷ್ಟು ಹಕ್ಕಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಬೆಳಗಾವಿ ವಕೀಲ

ನಮಸ್ಕಾರ. ಮೊದಲು ಆ ರಸ್ತೆ ಯಾರದು ಎಂಬುದನ್ನು ಗೊತ್ತು ಮಾಡಿಕೊಳ್ಳಿ, ಏಕೆಂದರೆ ಉಳಿದ ಎಲ್ಲ ಉತ್ತರಗಳೂ ಅದರ ಮೇಲೆ ನಿಂತಿವೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವ ರಸ್ತೆಯಂಥದ್ದು ಸಾರ್ವಜನಿಕ ಹೆದ್ದಾರಿ. ಅರಣ್ಯ ಸಿಬ್ಬಂದಿ ಗಸ್ತಿಗಾಗಿ, ಇಲ್ಲವೇ ಹಿಂದೆ ಕಟ್ಟಿಗೆ ಸಾಗಿಸುವುದಕ್ಕಾಗಿ ಮಾಡಿಕೊಂಡ ದಾರಿ ಬೇರೆ. ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆಯಿಂದ ತೋರಿಸಿದ, ನಾವು ಚಕ್ಕಡಿ ದಾರಿ ಎನ್ನುವ ಬಂಡಿದಾರಿ ಮತ್ತೂ ಬೇರೆ. ನೋಡಲು ಮೂರೂ ಒಂದೇ ಕೆಂಪುಮಣ್ಣಿನ ದಾರಿಗಳಾಗಿರಬಹುದು, ಕಾಗದದ ಮೇಲೆ ಮಾತ್ರ ಅಲ್ಲ.

ಎರಡನೆಯದಾಗಿ, ಸುಟ್ಟ ಗುಡ್ಡ ಭೀಮಗಡ ವನ್ಯಜೀವಿಧಾಮದ ಗಡಿಯೊಳಗೆ ಬರುತ್ತದೆಯೋ, ಅದರ ಹೊರಗಿನ ಕಾಯ್ದಿಟ್ಟ ಅರಣ್ಯದಲ್ಲಿದೆಯೋ ನೋಡಬೇಕು. 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ಈ ಧಾಮದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೇರವಾಗಿ ಅನ್ವಯಿಸುತ್ತದೆ. ಅದರ 27ನೇ ಕಲಂ ಧಾಮದೊಳಗೆ ಹೋಗಬಹುದಾದವರು ಯಾರೆಂದು ಹೇಳುತ್ತದೆ: ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಮತ್ತು ಇವರಲ್ಲಿ ಕೆಲವರ ಅವಲಂಬಿತರು. ಗೌಳಿವಾಡಾದಲ್ಲಿ ಹಕ್ಕುಳ್ಳವರನ್ನು ಬಾಯಿಮಾತಿನಿಂದ ತಡೆಯಲು ಇದರಲ್ಲಿ ಆಸ್ಪದವಿಲ್ಲ.

ಅದೇ ಕಲಮಿನ ಎರಡನೇ ಉಪಕಲಮನ್ನು ಯಾರೂ ಓದುವುದಿಲ್ಲ. ಧಾಮದಲ್ಲಿ ವಾಸಿಸುವವನು ತನ್ನ ಗಮನಕ್ಕೆ ಬಂದ ಬೆಂಕಿಯನ್ನು ಆರಿಸಲು, ಹಬ್ಬದಂತೆ ತಡೆಯಲು, ಅಪರಾಧ ನಡೆಯದಂತೆ ನೋಡಿಕೊಳ್ಳಲು ಬದ್ಧನೆಂದು ಅದು ಹೇಳುತ್ತದೆ. ಈ ಕರ್ತವ್ಯವನ್ನು ಒಬ್ಬರ ಮೇಲೆ ಹೊರಿಸಿದ ಮೇಲೆ ಅವರ ದಾರಿಗೇ ಬೀಗ ಹಾಕುವುದು ಹೇಗೆ ಹೊಂದುತ್ತದೆ ಎಂದು ನೀವು ಧಾರಾಳವಾಗಿ ಕೇಳಬಹುದು.

ಕಿರು ಅರಣ್ಯ ಉತ್ಪನ್ನದ ವಿಷಯ 2006ರ ಅರಣ್ಯ ಹಕ್ಕು ಕಾಯ್ದೆಗೆ ಸೇರಿದ್ದು. ಮುರುಗಲು, ಸೀಗೆ, ಅಂಟುವಾಳ, ಜೇನು ಇವುಗಳ ಮೇಲಿನ ಹಕ್ಕನ್ನು ಅದು ಮಾನ್ಯ ಮಾಡುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ, ಮತ್ತು ಅರ್ಜಿಗಳು ಸೋಲುವುದು ಬಹಳ ಸಲ ಈ ದಾಖಲೆಯ ಹಂತದಲ್ಲಿಯೇ. ಬೇಟೆಗಾರನ ಮಟ್ಟಿಗೆ ಇದೇ ಕಾಯ್ದೆ ಬಾಗಿಲನ್ನು ಪೂರ್ತಿ ಮುಚ್ಚಿದೆ. ರೂಢಿಯಿಂದ ಬಂದ ಬೇರೆಲ್ಲ ಹಕ್ಕುಗಳನ್ನು ಒಪ್ಪುವಾಗಲೂ ಬೇಟೆಯಾಡುವ, ಉರುಳು ಹಾಕಿ ಹಿಡಿಯುವ ಹಕ್ಕನ್ನು ಅದು ಹೆಸರಿಸಿ ಹೊರಗಿಟ್ಟಿದೆ. ಆದ್ದರಿಂದ ನಮ್ಮಲ್ಲಿ ಬೇಟೆಗಾರನ ಪ್ರವೇಶ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕಿತ್ತೂರು ನಾಡಿನ ರೈತ

ವಕೀಲ ಸಾಹೇಬರು ಹೇಳಿದ್ದು ಪುಸ್ತಕದ ಮಟ್ಟಿಗೆ ಸರಿ ಇರಬಹುದು. ನನ್ನ ಬಳಿ ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸ್ ಬಂದೂಕಿದೆ. ಕಾಡು ಸುಟ್ಟಾಗಲೆಲ್ಲ ಹಂದಿಗಳು ಅಲ್ಲಿಂದ ಎದ್ದು ನಮ್ಮ ಕಬ್ಬಿನ ಗದ್ದೆಗೆ ಇಳಿಯುತ್ತವೆ. ಅವುಗಳನ್ನು ಹಿಂದಕ್ಕೆ ಅಟ್ಟಿಕೊಂಡು ಕಾಡಿನ ರಸ್ತೆಯವರೆಗೆ ಹೋದವರನ್ನೂ ಬೇಟೆಗಾರರ ಲೆಕ್ಕಕ್ಕೆ ಸೇರಿಸುವುದು ಯಾವ ನ್ಯಾಯ? ಸರ್ಕಾರವೇ ಕೊಟ್ಟ ಲೈಸೆನ್ಸ್ ಇದ್ದಮೇಲೆ ಆ ರಸ್ತೆಯಲ್ಲಿ ಹೋಗಲು ನನಗೆ ತಡೆಯೇಕೆ?

ಬೆಳಗಾವಿ ವಕೀಲ

ರೈತಬಾಂಧವರೇ, ನಿಮ್ಮ ನಷ್ಟವನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಆದರೆ ನಿಮ್ಮ ಲೈಸೆನ್ಸ್ ಆಯುಧ ಇಟ್ಟುಕೊಳ್ಳಲು ಕೊಟ್ಟದ್ದು, ಪ್ರಾಣಿಯನ್ನು ಕೊಲ್ಲಲು ಕೊಟ್ಟದ್ದಲ್ಲ. ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಆದೇಶ ಪ್ರತ್ಯೇಕವಾಗಿ ಬೇಕು. ಧಾಮದೊಳಗೆ ಆಯುಧ ಒಯ್ಯುವುದನ್ನು 31ನೇ ಕಲಂ ನಿಷೇಧಿಸುತ್ತದೆ. ಅದಕ್ಕೂ ಮೊದಲೇ ಬರೆದುಕೊಟ್ಟ ಅನುಮತಿ ಬೇಕು. ಗುಂಡು ಹಾರಿಸದಿದ್ದರೂ ಅಟ್ಟುವುದು, ಉರುಳು ಹಾಕುವುದು, ಅದಕ್ಕೆ ಯತ್ನಿಸುವುದು ಎಲ್ಲವೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ಧಾಮದೊಳಗಿನ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ, ಮತ್ತು 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಗದ್ದೆಯ ಬದುವಿನಲ್ಲಿ ನಿಂತು ಹಂದಿ ಓಡಿಸುವವನಿಗೂ ಬಂದೂಕು ಹಿಡಿದು ಕಾಡಿನ ರಸ್ತೆ ಹಿಡಿಯುವವನಿಗೂ ನಡುವಿನ ಗೆರೆಯನ್ನು ನೀವೇ ಕಾಯ್ದುಕೊಳ್ಳುವುದು ನಿಮ್ಮ ಹಿತಕ್ಕೆ ಒಳ್ಳೆಯದು.

ಸಾಗವಾನಿ

ನಾನು ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದವನು. ಕಾನೂನಿನ ಮಾತನ್ನು ವಕೀಲರಿಗೆ ಬಿಟ್ಟು, ಕಾಡಿನೊಳಗೆ ಏನಾಗುತ್ತದೆ ಎಂಬುದನ್ನು ಹೇಳಬಯಸುತ್ತೇನೆ.

ಖಾನಾಪುರದ ಮತ್ತಿ, ಹೊನ್ನೆ, ನಂದಿ, ಬಿದಿರುಗಳ ಎಲೆಯುದುರುವ ಕಾಡುಗಳಲ್ಲಿ ಹತ್ತುವುದು ಬಹುತೇಕ ನೆಲಬೆಂಕಿ. ಅದು ಒಣಗಿದ ತರಗೆಲೆ, ಹುಲ್ಲು, ಸಸಿಗಳನ್ನು ಸುಡುತ್ತದೆ. ಬಲಿತ ಮರಗಳು ತೊಗಟೆ ಕಪ್ಪಾದರೂ ಉಳಿದುಕೊಂಡು ಮಳೆಗಾಲಕ್ಕೆ ಮತ್ತೆ ಚಿಗುರುತ್ತವೆ. ಅಮೆರಿಕದ ಪೈನ್‌ನಂಥ ಸೂಚಿಪರ್ಣಿ ಮರಗಳ ಕಾಡುಗಳಲ್ಲಿ ಬೆಂಕಿ ತುದಿಯಿಂದ ತುದಿಗೆ ಹಾರಿ ಇಡೀ ಮರವನ್ನೇ ಕೊಲ್ಲುವುದುಂಟು, ಹಾಗೆ ಸತ್ತು ನಿಂತ ಮರಗಳು ವರ್ಷಗಟ್ಟಲೆ ಬೀಳುತ್ತಲೇ ಇರುತ್ತವೆ. ಆದ್ದರಿಂದ ಅಲ್ಲಿನ ದೀರ್ಘ ಪ್ರವೇಶ ನಿರ್ಬಂಧವನ್ನು ಹಾಗೆಯೇ ಇಲ್ಲಿಗೆ ತರಲು ಕಾರಣವಿಲ್ಲ. ಅಪಾಯವಿಲ್ಲ ಎಂದೂ ಅರ್ಥವಲ್ಲ. ಪೊಟರೆಯಿದ್ದ ಹಳೆಯ ಮರಗಳು ಒಳಗೊಳಗೇ ದಿನಗಟ್ಟಲೆ ಉರಿದು ಗಾಳಿಯಿಲ್ಲದೆಯೂ ಉರುಳುತ್ತವೆ. ನೆಲದಡಿಯ ಬೇರು ಸುಟ್ಟ ಜಾಗದಲ್ಲಿ ಕಾಲು ಕುಸಿಯುತ್ತದೆ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮಣ್ಣು ಜೂನಿನ ಮೊದಲ ಜಡಿಮಳೆಗೆ ರಸ್ತೆಗೇ ಇಳಿಯುತ್ತದೆ, ಮೋರಿಗಳು ಕಟ್ಟಿಕೊಳ್ಳುತ್ತವೆ. ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಆ ಭಾಗದ ಮಳೆಯ ಬಿರುಸನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮರಗಳನ್ನು ಪರೀಕ್ಷಿಸಿ, ಬೀಳುವಂಥವನ್ನು ತೆಗೆಯುವವರೆಗೆ ವಾಹನಗಳನ್ನು ತಡೆಯುವುದು ಸಮಂಜಸ.

ಬೇಟೆಯ ಭಯವೂ ನೆಪವಲ್ಲ. ಬೆಂಕಿ ಹೋದ ಕೆಲವು ವಾರಗಳಲ್ಲಿ, ಅದರಲ್ಲೂ ಒಂದೆರಡು ಅಡ್ಡಮಳೆ ಬಿದ್ದರೆ, ಬೂದಿಯ ಮೇಲೆ ಎಳೆಹುಲ್ಲು ಏಳುತ್ತದೆ. ಜಿಂಕೆ, ಕಡವೆ, ಕಾಡುಕೋಣಗಳು ಅಲ್ಲಿಗೆ ಬರುತ್ತವೆ. ಅಡಗಲು ಪೊದೆಯಿಲ್ಲದ್ದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತವೆ, ರಾತ್ರಿ ದೀಪದ ಬೆಳಕಿಗೆ ಕಣ್ಣು ಹೊಳೆಯುತ್ತವೆ. ಈ ಎಳೆಹುಲ್ಲಿನ ಆಸೆಗೇ ಬೇಕೆಂದು ಬೆಂಕಿ ಇಡುವವರಿದ್ದಾರೆ. ಬೈಕಿನ ಕ್ಲಚ್ ತಂತಿಯ ಉರುಳನ್ನು ದಾರಿಯಂಚಿನಲ್ಲಿ ಕಟ್ಟಿ, ಬೆಳಗಿನ ಜಾವ ಬಂದು ನೋಡಿಕೊಂಡು ಹೋಗುವವನಿಗೆ ಬೇಕಾದದ್ದು ವಾಹನ ಓಡುವ ರಸ್ತೆ ಮತ್ತು ಕತ್ತಲೆ. ಅಂದಮೇಲೆ ರಾತ್ರಿ ವಾಹನ ಬಿಡದಿರುವುದು ಅವನನ್ನು ತಡೆಯುತ್ತದೆ. ಹಗಲಿನಲ್ಲಿ ಹಾಲಿನ ಕ್ಯಾನು ಹೊತ್ತು ನಡೆದು ಬರುವವನನ್ನು ತಡೆದು ಕಾಡಿಗೆ ಸಿಗುವ ರಕ್ಷಣೆ ಏನೂ ಇಲ್ಲ. ನಿಜ ಹೇಳಬೇಕೆಂದರೆ, ಆ ದಾರಿಯಲ್ಲಿ ಊರಿನವರ ಓಡಾಟವಿದ್ದರೆ ಉರುಳು ಮೊದಲು ಕಾಣುವುದು ಅವರ ಕಣ್ಣಿಗೇ.

ಇನ್ನೊಂದು ಮಾತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳಿಂದ ಬೆಂಕಿಯ ಸ್ಥಳಗಳನ್ನು ಗುರುತಿಸಿ ಎಚ್ಚರಿಕೆ ಕಳಿಸುತ್ತದೆ. ಅದರಲ್ಲಿ ಬಳಸುವ ಒಂದು ಉಪಕರಣದ ನೋಟ 375 ಮೀಟರ್ ಚೌಕದಷ್ಟು ಸೂಕ್ಷ್ಮವಾದುದು. ಯಾವ ದಿನ ಎಲ್ಲಿ ಉರಿಯಿತು ಎಂಬ ಆ ದಾಖಲೆಯನ್ನು ಮುಂದಿಟ್ಟರೆ ಸುಟ್ಟ ಭಾಗ ಯಾವುದು, ಸುಡದ ಭಾಗ ಯಾವುದು ಎಂಬ ಚರ್ಚೆ ಊಹೆಯ ಮೇಲೆ ನಡೆಯುವುದಿಲ್ಲ.

ಗೋಕಾಕದಿಂದ ಕ್ಯಾಲಿಫೋರ್ನಿಯಾಕ್ಕೆ

ಪ್ರಶ್ನೆ ಕೇಳಿದವರು ಅಮೆರಿಕದ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ರಾಷ್ಟ್ರೀಯ ಅರಣ್ಯಗಳ ಭೂಮಿ ಮತ್ತು ರಸ್ತೆಗಳು ಒಕ್ಕೂಟ ಸರ್ಕಾರದ ಅರಣ್ಯ ಸೇವೆಯ ಕೈಯಲ್ಲಿವೆ; ಬೇಟೆಯ ಪರವಾನಗಿ ಕೊಡುವುದು ಆಯಾ ರಾಜ್ಯ. ಬೇಟೆಗಾರ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ, ಚೀಟಿ ಎತ್ತುವಿಕೆಯಲ್ಲಿ ಹೆಸರು ಬಂದು, ಹಣ ಕಟ್ಟಿ ಪರವಾನಗಿ ಪಡೆದಿದ್ದರೂ ಒಕ್ಕೂಟದ ಅಧಿಕಾರಿ ಅರಣ್ಯ ಮುಚ್ಚಿದರೆ ಆ ಕಾಗದ ಗೇಟು ತೆರೆಸುವುದಿಲ್ಲ. 2021ರಲ್ಲಿ ಡಿಕ್ಸಿ ಎಂಬ ಹೆಸರಿನ ಬೆಂಕಿ ಪ್ಲೂಮಸ್, ಲಾಸೆನ್ ಅರಣ್ಯಗಳ ಕಡೆ ಒಂಬತ್ತು ಲಕ್ಷ ಎಕರೆಗೂ ಹೆಚ್ಚು ಪ್ರದೇಶಕ್ಕೆ ಹಬ್ಬಿತು. ಆಗಸ್ಟ್ 31ರ ರಾತ್ರಿಯಿಂದ ಈ ರಾಜ್ಯದ ಬಹುತೇಕ ಎಲ್ಲ ರಾಷ್ಟ್ರೀಯ ಅರಣ್ಯಗಳನ್ನೂ ಸುಮಾರು ಎರಡು ವಾರ ಮುಚ್ಚಲಾಯಿತು, ಅದೂ ಜಿಂಕೆ ಬೇಟೆಯ ಕಾಲದಲ್ಲಿ. ಅಸಮಾಧಾನ ಏಳದೆ ಇರುತ್ತದೆಯೇ? ಬಂದೂಕು, ಗುಂಡುಗಳ ಮೇಲಿನ ತೆರಿಗೆಯಿಂದ 1937ರ ಕಾನೂನಿನಂತೆ ವನ್ಯಜೀವಿ ಸಂರಕ್ಷಣೆಗೆ ಹಣ ಹೋಗುತ್ತದೆಯಾದ್ದರಿಂದ, ಈ ಕಾಡಿಗೆ ನಾವೂ ಹಣ ಕೊಟ್ಟವರೆಂಬ ಭಾವನೆ ಇಲ್ಲಿನ ಬೇಟೆಗಾರರಲ್ಲಿ ಗಟ್ಟಿಯಾಗಿದೆ.

ನಿಮಗೆ ಉಪಯೋಗವಾಗಬಹುದಾದದ್ದು ಬೇರೆ. ಇಲ್ಲಿ ರಸ್ತೆ ಮುಚ್ಚುವ ಆದೇಶ ಒಂದು, ಪ್ರದೇಶ ಮುಚ್ಚುವ ಆದೇಶ ಇನ್ನೊಂದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ವಾಹನಕ್ಕೆ ಮಾತ್ರ ತಡೆ, ನಡೆದು ಹೋಗಬಹುದು, ಎರಡನೆಯದರಲ್ಲಿ ಕಾಲಿಡುವಂತಿಲ್ಲ. ಆದೇಶಕ್ಕೆ ಸಂಖ್ಯೆ, ನಕ್ಷೆ, ಸಹಿ ಇರುತ್ತವೆ. ಯಾವ ದಿನದಿಂದ ಯಾವ ದಿನದವರೆಗೆ, ಯಾರಿಗೆ ವಿನಾಯಿತಿ, ಮೀರಿದರೆ ಏನು ಶಿಕ್ಷೆ ಎಂಬುದೂ ಬರೆದಿರುತ್ತದೆ. ಮೀರಿದವರಿಗೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆವಾಸ. ಶಿಕ್ಷೆ ಕಠಿಣವೇ, ಆದರೆ ಕಾಗದ ಕೈಯಲ್ಲಿರುವುದರಿಂದ ಜಗಳಕ್ಕೆ ಒಂದು ಹಿಡಿಕೆ ಇರುತ್ತದೆ.

ಜಾಂಬೋಟಿ ಕಡೆಯವ

ಎಲ್ಲರಿಗೂ ಧನ್ಯವಾದಗಳು. ವಕೀಲರು ಹೇಳಿದಂತೆ ಗ್ರಾಮ ನಕಾಶೆ ತರಿಸಿ ನೋಡಿದೆ. ಊರಿನಿಂದ ಗೌಳಿವಾಡಾದವರೆಗೆ ಬಂಡಿದಾರಿಯ ಗುರುತು ಸ್ಪಷ್ಟವಾಗಿದೆ. ವಾಡಾದ ಆಚೆಗೆ ಗುರುತಿಲ್ಲ, ಅದು ಗಸ್ತಿನ ದಾರಿಯೇ ಇರಬೇಕು. ಸುಟ್ಟಿರುವುದೂ ಹೆಚ್ಚಾಗಿ ವಾಡಾದ ಆಚೆಯ ಇಳಿಜಾರು. ಅಂದರೆ ಗೇಟು ಬೇಡವೆಂದು ವಾದಿಸುವ ಅಗತ್ಯವೇ ನಮಗಿಲ್ಲ. ಅದು ವಾಡಾದ ಆಚೆಗೆ ಸರಿಯಬೇಕು, ಅಷ್ಟೇ. ಅಲ್ಲಿ ರಾತ್ರಿ ಬೀಗ ಹಾಕಿದರೆ ನಮ್ಮವರೂ ಸಂತೋಷಪಡುತ್ತಾರೆ, ಏಕೆಂದರೆ ರಾತ್ರಿ ಬರುವ ಜೀಪುಗಳ ಬಗ್ಗೆ ವಾಡಾದ ಹಿರಿಯರಿಗೂ ಬೇಸರವಿದೆ. ಮುರುಗಲಿಗೆ ಹೋಗುವವರ ಹೆಸರುಗಳನ್ನು ಬರೆದುಕೊಡಲೂ ಸಿದ್ಧರಿದ್ದಾರೆ. ಈಗ ಮೊದಲು ಗ್ರಾಮಸಭೆಯೋ, ಮೊದಲು ಅರ್ಜಿಯೋ ಎಂಬುದನ್ನು ವಕೀಲರು ತಿಳಿಸಿದರೆ ಉಪಕಾರವಾಗುತ್ತದೆ.

ಬೆಳಗಾವಿ ವಕೀಲ

ಮೊದಲು ಮಾಹಿತಿ ಹಕ್ಕಿನಡಿ ಗೇಟಿನ ಆದೇಶದ ಪ್ರತಿಯನ್ನು ಕೇಳಿ. ಅದಕ್ಕೆ 30 ದಿನಗಳ ಗಡುವಿದೆ, ಮತ್ತು ಆದೇಶವೇ ಇಲ್ಲವೆಂಬ ಉತ್ತರ ಬಂದರೂ ಅದು ನಿಮಗೆ ದಾಖಲೆಯೇ. ಆ ಅವಧಿಯೊಳಗೆ ಗ್ರಾಮಸಭೆ ನಡೆಸಿ, ದೃಢೀಕೃತ ನಕಾಶೆಯನ್ನು ಠರಾವಿಗೆ ಲಗತ್ತಿಸಿ, ಗೇಟು ಎಲ್ಲಿಗೆ ಸರಿಯಬೇಕೆಂಬುದನ್ನು ಸರ್ವೆ ನಂಬರಿನ ಸಮೇತ ನಮೂದಿಸಿ. ರಾತ್ರಿ ವಾಹನ ತಡೆಗೆ ಗ್ರಾಮದ ಒಪ್ಪಿಗೆ ಇದೆ ಎಂಬ ವಾಕ್ಯವನ್ನು ಠರಾವಿನ ಮೊದಲಿಗೇ ಹಾಕಿ, ಬೇಡಿಕೆ ಅದರ ನಂತರ ಬರಲಿ. ಠರಾವಿನ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ, ಒಂದು ಉಪ ಅರಣ್ಯ ಸಂರಕ್ಷಣಾಧಿಕಾರಿಗೆ, ಒಂದು ತಹಶೀಲ್ದಾರರಿಗೆ ಹೋಗಲಿ. ಮೂರಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮಳೆ ಹಿಡಿಯುವ ಮೊದಲು ಜಂಟಿ ಸ್ಥಳ ಪರಿಶೀಲನೆಯಾಗಬೇಕೆಂದು ಅದರಲ್ಲಿಯೇ ಕೇಳಿ, ಏಕೆಂದರೆ ಜೂನ್ ನಂತರ ಯಾವ ಅಧಿಕಾರಿಯೂ ಆ ಗುಡ್ಡ ಹತ್ತಲು ಸುಲಭವಾಗಿ ಒಪ್ಪುವುದಿಲ್ಲ.