ಬಯಾಪ್ಸಿ ರಿಪೋರ್ಟ್ ಬರುವವರೆಗೆ ರಾತ್ರಿ ಕಳೆಯುವುದು ಹೇಗೆ?

ಪ್ರಶ್ನೆ:
ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಮ್ಯಾಮೊಗ್ರಾಮ್ ರಿಪೋರ್ಟ್‌ನಲ್ಲಿ ‘ಬೈರಾಡ್ಸ್ 4ಎ’ ಅಂತ ಇದೆ, ಕ್ಯಾನ್ಸರಿನ ಅನುಮಾನ ಎಷ್ಟು ಅಂತ ಹೇಳುವ ಅಂಕವಂತೆ ಅದು. ಮೊನ್ನೆ ಬಯಾಪ್ಸಿ ಆಯಿತು, ಸೂಜಿ ಹಾಕಿ ಗಂಟಿನ ಚೂರು ಪರೀಕ್ಷೆಗೆ ತೆಗೆದರು. ಹಗಲು ಅಡುಗೆ, ಆಫೀಸು ಅಂತ ಹೇಗೋ ಕಳೆಯುತ್ತದೆ. ರಾತ್ರಿ ಎಚ್ಚರವಾದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಮಗಳಿಗೆ ಪಿಯುಸಿ ಪರೀಕ್ಷೆ, ಅವಳಿಗೆ ಹೇಳಿಲ್ಲ. ಗಂಡ ‘ಏನೂ ಆಗಲ್ಲ ಬಿಡು’ ಅನ್ನುತ್ತಾರೆ. ಅದನ್ನು ಕೇಳಿದರೆ ಸಿಟ್ಟೇ ಜಾಸ್ತಿ ಬರುತ್ತದೆ. ನೀವೆಲ್ಲ ಹೇಗೆ ಕಾದಿರಿ?

ಉತ್ತರ 1:
4ಎ ಅಂದರೆ ಅನುಮಾನ ಕಡಿಮೆ. ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ 2ರಿಂದ 10. ಆ ‘4’ ಕ್ಯಾನ್ಸರಿನ ನಾಲ್ಕನೇ ಹಂತ ಅಲ್ಲ, ಎರಡಕ್ಕೂ ಸಂಬಂಧವೇ ಇಲ್ಲ. ಗಂಟನ್ನು ಒತ್ತಿ ನೋಡಬೇಡಿ. ಸೂಜಿ ಹಾಕಿದ ಜಾಗ ಊದಿ ನೀಲಿಗಟ್ಟುತ್ತದೆ, ಗಂಟು ಬೆಳೆದ ಹಾಗೆ ಅನ್ನಿಸುತ್ತದೆ.

ಉತ್ತರ 2:
ನನ್ನದು ಕ್ಯಾನ್ಸರೇ ಆಗಿತ್ತು. ಈಗ ಚೆನ್ನಾಗಿದ್ದೇನೆ, ನಿನ್ನೆ ಹಪ್ಪಳ ಹಾಕಿದೆ. ನನಗೆ ಕಾಯುವುದೇ ಕಷ್ಟವಾಗಿತ್ತು, ಚಿಕಿತ್ಸೆ ಶುರುವಾದ ಮೇಲೆ ನಿದ್ದೆ ಬಂತು. ರಿಪೋರ್ಟ್ ತರಲು ಒಬ್ಬರೇ ಹೋಗಬೇಡಿ. ಡಾಕ್ಟರ್ ಹೇಳಿದ ಮೊದಲ ಮಾತಿನ ನಂತರ ನನಗೆ ಏನೂ ಕೇಳಿಸಲಿಲ್ಲ. ಅಕ್ಕ ಪುಸ್ತಕದಲ್ಲಿ ಬರೆದುಕೊಂಡಳು: ಇಆರ್, ಪಿಆರ್, ಹರ್2 ಅಂತೆಲ್ಲ, ಯಾವ ಚಿಕಿತ್ಸೆ ಕೊಡಬೇಕು ಅಂತ ತಿಳಿಯಲು ಗಂಟಿನ ಚೂರಿನಲ್ಲಿ ನೋಡುವ ಪರೀಕ್ಷೆಗಳು. ಗಂಡನಿಗೆ ನೇರವಾಗಿ ಹೇಳಿ, ‘ಧೈರ್ಯ ಹೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ’ ಅಂತ. ಗಂಡಸರಿಗೆ ಬಿಡಿಸಿ ಹೇಳಬೇಕು, ಅಲ್ವಾ?

ಪ್ರಶ್ನೆ ಕೇಳಿದವರು:
ಅವರಿಗೆ ಇದನ್ನೇ ಓದಿಸಿದೆ. ನಾಳಿದ್ದು ರಜೆ ಹಾಕುತ್ತಾರಂತೆ. ಆ ಇಆರ್, ಪಿಆರ್ ಬಗ್ಗೆ ಈಗಲೇ ಓದಿಕೊಳ್ಳಲಾ?

ಉತ್ತರ 2:
ಬೇಡ. ಅದು ಕ್ಯಾನ್ಸರ್ ಇದ್ದರೆ ಮಾತ್ರ ನೋಡುವ ಪರೀಕ್ಷೆ. ಮೊದಲು ರಿಪೋರ್ಟ್ ಬರಲಿ.