ಕೈಯ ಮಾದರಿ: ದಾರ ಎಳೆದರೆ ಬೆರಳು ಅರ್ಧಕ್ಕೇ ನಿಲ್ಲುತ್ತದೆ, ದಾರ ಮಾತ್ರ ಮೇಲೆ ಏಳುತ್ತದೆ

ತೀರ್ಥಹಳ್ಳಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಪ್ರದರ್ಶನಕ್ಕೆ ನಮ್ಮ ಮಕ್ಕಳು ಬೆರಳು ಆಡಿಸುವ ಕೈಯ ಮಾದರಿ ಮಾಡುತ್ತಿದ್ದಾರೆ. ಮೂಳೆಗೆ ವಾಟೆ ಬಿದಿರಿನ ತುಂಡು, ಗೆಣ್ಣಿಗೆ ಹಳೇ ಚಪ್ಪಲಿಯ ಚರ್ಮ, ಅಂಗೈಗೆ ಹಲಗೆ. ಪ್ರತಿ ಬೆರಳಿನ ತುದಿಗೆ ಹತ್ತಿ ದಾರ ಕಟ್ಟಿ, ಅಂಗೈ ಮೇಲಿಂದ ಮುಂಗೈವರೆಗೆ ತಂದಿದ್ದೇವೆ.

ಎಳೆದರೆ ಬೆರಳು ಮಡಚುತ್ತದೆ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ದಾರ ಬೆರಳನ್ನು ಬಿಟ್ಟು ಬಿಲ್ಲಿನ ಹೆದೆಯ ಹಾಗೆ ಎದ್ದು ನಿಲ್ಲುತ್ತದೆ. ಗೇಣುದ್ದ ಎಳೆದರೂ ಮುಷ್ಟಿ ಮುಚ್ಚುವುದಿಲ್ಲ. ಬಿಟ್ಟರೆ ಬೆರಳು ತಾನಾಗಿ ಬಿಚ್ಚಿಕೊಳ್ಳುವುದೂ ಇಲ್ಲ. ಹೆಬ್ಬೆರಳಂತೂ ಬೇರೆ ಯಾವ ಬೆರಳನ್ನೂ ಮುಟ್ಟುವುದಿಲ್ಲ, ಪಕ್ಕದಲ್ಲಿ ಸುಮ್ನೆ ಮಡಚಿಕೊಂಡು ಕೂರುತ್ತದೆ. ಈ ಮಳೆಗೆ ದಾರ ತೇವ ಹಿಡಿದು ಜಾರುತ್ತಲೂ ಇಲ್ಲ.

ಪಾಠದಲ್ಲಿ ಮೂಳೆ, ಸ್ನಾಯು, ನರ ಬೇರೆ ಬೇರೆ ಚಿತ್ರಗಳಾಗಿ ಬರುತ್ತವೆ. ಮೂರೂ ಸೇರಿ ಕೆಲಸ ಮಾಡುವುದನ್ನು ಮಕ್ಕಳು ತಮ್ಮ ಕೈಯಿಂದಲೇ ಮಾಡಿ ನೋಡಬೇಕು ಅನ್ನುವುದು ನನ್ನ ಆಸೆ. ಎಲ್ಲಿಂದ ಸರಿ ಮಾಡಲಿ?

ಸಾಗರದ ಉಳಿ:

ಮೇಷ್ಟ್ರೇ, ಮೊದಲು ಹತ್ತಿ ದಾರ ತೆಗೆಯಿರಿ. ಗಾಳಕ್ಕೆ ಹಾಕುವ ನೈಲಾನ್ ದಾರ ತನ್ನಿ. ಅದು ನೀರು ಕುಡಿಯುವುದಿಲ್ಲ, ಚೆನ್ನಾಗಿ ಜಾರುತ್ತದೆ. ನಾನು ಮರದ ಕೆತ್ತನೆಯವನು, ವೈದ್ಯದ ವಿಷಯ ಗೊತ್ತಿಲ್ಲ. ಆದರೆ ಬಿಗಿಯಾಗಿ ಎಳೆದ ದಾರ ಯಾವತ್ತೂ ಹತ್ತಿರದ ಹಾದಿ ಹಿಡಿಯುತ್ತದೆ. ಬೆರಳಿನ ಮೇಲೆ ಅದನ್ನು ಎಲ್ಲೆಲ್ಲಿ ಹಿಡಿದು ಕೂರಿಸಿದ್ದೀರಿ?

ತೀರ್ಥಹಳ್ಳಿ ಮೇಷ್ಟ್ರು:

ಎಲ್ಲೂ ಇಲ್ಲ ಅಣ್ಣಾ. ತುದಿಯಲ್ಲಿ ಒಂದು ಗಂಟು, ಆಮೇಲೆ ಸೀದಾ ಮಣಿಕಟ್ಟಿನ ಹತ್ತಿರ ಒಂದು ಕೊಕ್ಕೆ.

ಶಿವಮೊಗ್ಗ ಫಿಸಿಯೋ:

ತೊಂದರೆ ಅಲ್ಲೇ ಇದೆ ಮೇಷ್ಟ್ರೇ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಕೈಯ ತೊಂದರೆಯವರು ಬಹಳ ಜನ ಬರುತ್ತಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಬೆರಳಿನಲ್ಲಿ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಹೀಗೆ ಸಡಿಲವಾಗಿ ಇರುವುದಿಲ್ಲ. ಮೂಳೆಗೆ ಒತ್ತಿ ಹಿಡಿಯುವ ಗಟ್ಟಿ ಪಟ್ಟಿಗಳಿವೆ. ಅವಕ್ಕೆ ಪುಲ್ಲಿ ಅನ್ನುತ್ತಾರೆ. ಹೆಬ್ಬೆರಳು ಬಿಟ್ಟು ಉಳಿದ ಪ್ರತಿ ಬೆರಳಿಗೂ ಅಡ್ಡಕ್ಕೆ ಬರುವಂಥವು 5, ಎ1ರಿಂದ ಎ5 ತನಕ. ಅವುಗಳ ನಡುವೆ ಒಂದರ ಮೇಲೊಂದು ದಾಟುವ ತೆಳು ಪಟ್ಟಿಗಳು 3. ಎಲ್ಲಕ್ಕಿಂತ ಮುಖ್ಯವಾದವು ಎ2 ಮತ್ತು ಎ4. ಎ2 ಇರುವುದು ಅಂಗೈಗೆ ಹತ್ತಿರದ ಬೆರಳ ಮೂಳೆಯ ಮೇಲೆ. ಎ4 ಇರುವುದು ನಡುವಿನ ಮೂಳೆಯ ಮೇಲೆ. ಬಂಡೆ ಹತ್ತುವ ಆಟಗಾರರಲ್ಲಿ ಕೆಲವರಿಗೆ ಎ2 ಹರಿಯುವುದುಂಟು. ಆಗ ಅವರ ಬೆರಳಿನಲ್ಲಿ ಆಗುವುದು, ನಿಮ್ಮ ಮಾದರಿಯಲ್ಲಿ ಈಗ ಆಗುತ್ತಿರುವುದು ಒಂದೇ.

ಇಲ್ಲಿ ಒಂದು ವಿಷಯ ಮಕ್ಕಳಿಗೆ ಬಿಡಿಸಿ ಹೇಳಿ. ದಾರ ಎದ್ದು ನಿಂತಾಗ ಕಡಿಮೆಯಾಗುವುದು ಎಳೆತದ ಬಲ ಅಲ್ಲ. ಗೆಣ್ಣಿನಿಂದ ದಾರ ದೂರ ಹೋದಷ್ಟೂ, ಅಷ್ಟೇ ಮಡಚುವುದಕ್ಕೆ ಜಾಸ್ತಿ ದಾರ ಎಳೆಯಬೇಕಾಗುತ್ತದೆ. ನೀವಾದರೆ ಎಷ್ಟು ಬೇಕಾದರೂ ಎಳೆಯಬಹುದು. ಸ್ನಾಯು ಹಾಗಲ್ಲ. ಅದು ಕುಗ್ಗುವುದು ಕೆಲವೇ ಸೆಂಟಿಮೀಟರ್. ಆ ಅಳತೆಯೊಳಗೇ ಮುಷ್ಟಿ ಪೂರ್ತಿ ಮುಚ್ಚಬೇಕು. ಪುಲ್ಲಿ ಇರುವುದೇ ಅದಕ್ಕೆ.

ಖಾಲಿ ರೀಫಿಲ್ ಕತ್ತರಿಸಿ ಸಣ್ಣ ಕೊಳವೆ ಮಾಡಿ. ಪ್ರತಿ ಮೂಳೆಯ ಮಧ್ಯಕ್ಕೆ ಒಂದು ಕಟ್ಟಿ, ಗೆಣ್ಣಿನ ಮೇಲೆ ಬೇಡ. ಹೆಬ್ಬೆರಳಿಗೆ ಎರಡೇ ಮೂಳೆ, ಉಳಿದವಕ್ಕೆ ಮೂರು ಮೂರು. ಒಟ್ಟು 14. ಅಂಗೈಯಲ್ಲಿ 5, ಮಣಿಕಟ್ಟಿನಲ್ಲಿ 8. ಒಂದು ಕೈಗೆ 27 ಮೂಳೆ. ಮಣಿಕಟ್ಟಿನ 8 ಸಣ್ಣ ಮೂಳೆಗಳನ್ನು ನೀವು ಒಂದೇ ತುಂಡಾಗಿ ಮಾಡಿದರೂ ನಡೆಯುತ್ತದೆ.

ಇನ್ನು ಬಿಚ್ಚಿಕೊಳ್ಳದಿರುವುದು. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಮಡಚುವುದಕ್ಕೆ ಒಂದು ಗುಂಪು, ಬಿಚ್ಚುವುದಕ್ಕೆ ಇನ್ನೊಂದು ಗುಂಪು ಬೇಕೇ ಬೇಕು. ಬೆರಳಿನ ಒಳಗೆ ಇವೆರಡೂ ಇಲ್ಲ. ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ. ಮಡಚುವವು ಒಳಮೈಯಲ್ಲಿ, ಬಿಚ್ಚುವವು ಹೊರಮೈಯಲ್ಲಿ. ಮಕ್ಕಳಿಗೆ ಮುಂಗೈ ಹಿಡಿದುಕೊಂಡು ಬೆರಳು ಆಡಿಸಲು ಹೇಳಿ, ಅಲ್ಲೇ ಕೈಗೆ ಸಿಗುತ್ತದೆ. ಮಾದರಿಯ ಹಿಂಬದಿಗೂ ದಾರ ಹಾಕಿ. ಆದರೆ ಆಗ ಬೆರಳು ಹಿಂದಕ್ಕೂ ಬಾಗಿಬಿಡಬಹುದು. ನಮ್ಮಲ್ಲಿ ಅದನ್ನು ತಡೆಯಲು ನಡುಗೆಣ್ಣಿನ ಒಳಬದಿಯಲ್ಲಿ ದಪ್ಪನೆಯ ಪಟ್ಟಿ ಇದೆ, ಎರಡೂ ಪಕ್ಕದಲ್ಲಿ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಇವೆ. ನಿಮ್ಮ ಚರ್ಮದ ಪಟ್ಟಿಯನ್ನು ಗೆಣ್ಣಿನ ಒಳಬದಿಗೇ ಬಿಗಿಯಾಗಿ ಅಂಟಿಸಿ, ಆ ಕೆಲಸ ಅದು ಮಾಡುತ್ತದೆ.

ಮನಸ್ಸಿದ್ದರೆ ಒಂದು ಬೆರಳಿಗೆ ಎರಡು ದಾರ ಹಾಕಿ. ನಿಜವಾದ ಬೆರಳಿಗೆ ಮಡಚುವ ಟೆಂಡನ್ ಎರಡು. ಮೇಲ್ಪದರದ್ದು ನಡುಮೂಳೆಗೆ ಸೇರುತ್ತದೆ. ಆಳದ್ದು ತುದಿಮೂಳೆಗೆ ಹೋಗುತ್ತದೆ. ಹೋಗುವಾಗ ಮೇಲ್ಪದರದ್ದು ಎರಡಾಗಿ ಸೀಳಿ, ಆಳದ್ದಕ್ಕೆ ನಡುವೆ ದಾರಿ ಬಿಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸೋಜಿಗವೇ. ಪರೀಕ್ಷೆ ಬೇಕಾ? ಉಳಿದ ಮೂರು ಬೆರಳನ್ನು ನೇರ ಮಾಡಿ ಒತ್ತಿ ಹಿಡಿದು ನಡುಬೆರಳು ಒಂದನ್ನೇ ಮಡಚಲು ಹೇಳಿ. ನಡುಗೆಣ್ಣು ಮಡಚುತ್ತದೆ, ತುದಿ ಸಡಿಲವಾಗಿ ಜೋತು ಬೀಳುತ್ತದೆ. ಆಳದ ಸ್ನಾಯು ನಾಲ್ಕೂ ಬೆರಳಿಗೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದನ್ನು ನೀವು ಕಟ್ಟಿ ಹಾಕಿದ ಹಾಗಾಯಿತು.

ಹೆಬ್ಬೆರಳನ್ನು ಬುಡದಲ್ಲೇ ತಿರುಗಿಸಿ ಕೂರಿಸಬೇಕು. ನಿಮ್ಮ ಉಗುರುಗಳನ್ನೇ ನೋಡಿಕೊಳ್ಳಿ. ನಾಲ್ಕು ಒಂದು ಕಡೆ, ಹೆಬ್ಬೆರಳಿನದು ಬೇರೆ ಕಡೆ. ಅದರ ಬುಡದ ಕೀಲು ಎರಡು ದಿಕ್ಕಿಗೂ ಆಡುತ್ತದೆ. ಅಷ್ಟು ಮಾಡುವುದು ಕಷ್ಟವಾದರೆ ಓರೆಯಾಗಿ ಅಂಗೈ ಕಡೆಗೆ ಮುಖ ಮಾಡಿ ಕೂರಿಸಿ, ಸಾಕು.

ಸಾಗರದ ಉಳಿ:

ಕೊಳವೆ ಕಟ್ಟುವಾಗ ಎರಡೂ ತುದಿಯ ಅಂಚನ್ನು ಸ್ವಲ್ಪ ಉಜ್ಜಿ ನುಣುಪು ಮಾಡಿ. ಇಲ್ಲದಿದ್ದರೆ ನೈಲಾನ್ ದಾರ ಅಲ್ಲೇ ಸವೆದು ಹೋಗುತ್ತದೆ. ಮಳೆಗಾಲದಲ್ಲಿ ಬರೀ ಅಂಟು ನಂಬಬೇಡಿ, ತೆಳು ತಂತಿ ಸುತ್ತಿ.

ತೀರ್ಥಹಳ್ಳಿ ಮೇಷ್ಟ್ರು:

ಮೇಡಂ, ಅಣ್ಣಾ, ಕೊಳವೆ ಹಾಕಿದ ಮೇಲೆ ಮುಷ್ಟಿ ಪೂರ್ತಿ ಮುಚ್ಚಿತು! ಮಕ್ಕಳು ಕೂಗಿಕೊಂಡರು. ನಡುಬೆರಳಿನ ಪರೀಕ್ಷೆ ಈಗ ಇಡೀ ಶಾಲೆಗೆ ಹಬ್ಬಿದೆ.

ಈಗ ಹೊಸ ತಕರಾರು. ಉಂಗುರ ಬೆರಳಿನ ದಾರ ತುಂಡಾಗಿತ್ತು, ಗಂಟು ಹಾಕಿ ಸೇರಿಸಿದೆವು. ಮಡಚುವಾಗ ಸರಿಯಾಗಿದೆ. ಬಿಚ್ಚುವಾಗ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಎಳೆದರೆ ಟಕ್ ಅಂತ ಬಿಡುತ್ತದೆ.

ಶಿವಮೊಗ್ಗ ಫಿಸಿಯೋ:

ಅದನ್ನು ಸರಿ ಮಾಡುವ ಮೊದಲು ಮಕ್ಕಳಿಗೆ ತೋರಿಸಿ ಮೇಷ್ಟ್ರೇ. ಇದು ಟ್ರಿಗರ್ ಫಿಂಗರ್. ಟೆಂಡನ್ ಒಂದು ಕಡೆ ಊದಿಕೊಳ್ಳುತ್ತದೆ, ಬೆರಳ ಬುಡದ ಎ1 ಪುಲ್ಲಿ ದಪ್ಪಗಾಗುತ್ತದೆ. ಊದಿದ ಭಾಗ ಅದರ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಮಡಚಿದ ಹಾಗೇ ನಿಂತಿರುತ್ತದೆ, ಇನ್ನೊಂದು ಕೈಯಿಂದ ಬಿಚ್ಚಬೇಕಾಗುತ್ತದೆ. ಉಂಗುರ ಬೆರಳು ಮತ್ತು ಹೆಬ್ಬೆರಳಿಗೆ ಜಾಸ್ತಿ ಬರುತ್ತದೆ.

ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ರಾತ್ರಿವರೆಗೂ ಕೂತು ಸುಲಿಯುವ ಹೆಂಗಸರ ಕೈ ಎಷ್ಟು ದುಡಿಯುತ್ತದೆ ಅಂತ ನಿಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಹೀಗೆ ಬೆರಳು ಸಿಕ್ಕಿಕೊಳ್ಳುತ್ತಿದ್ದರೆ, ಅಥವಾ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಲು ಹೇಳಿ. ಜೋಮಿನದು ಬೇರೆ ಕಾರಣ. ಮಣಿಕಟ್ಟಿನಲ್ಲಿ ಮೂಳೆ ಮತ್ತು ಒಂದು ಬಿಗಿ ಪಟ್ಟಿಯ ನಡುವಿನ ಕಿರಿದಾದ ಜಾಗದಲ್ಲಿ 9 ಟೆಂಡನ್‌ಗಳ ಜೊತೆ ಮೀಡಿಯನ್ ನರವೂ ಹೋಗುತ್ತದೆ. ಅಲ್ಲಿ ಊತ ಬಂದರೆ ಮೊದಲು ನಲುಗುವುದು ನರ. ವಯಸ್ಸಾಯಿತು ಅಂತ ಸಹಿಸಿಕೊಂಡು ಕೂರುವವರೇ ಜಾಸ್ತಿ, ತಡ ಮಾಡಿದಷ್ಟೂ ಹೆಬ್ಬೆರಳ ಬುಡದ ಸ್ನಾಯು ಸೊರಗುತ್ತದೆ.

ಮಾದರಿಗೆ ಮಾತ್ರ ಗಂಟಿಲ್ಲದ ಹೊಸ ದಾರ ಹಾಕಿ.

ತೀರ್ಥಹಳ್ಳಿ ಮೇಷ್ಟ್ರು:

ಹಾಗೇ ಮಾಡುತ್ತೇನೆ. ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು: "ಸರ್, ಇದರಲ್ಲಿ ನರ ಎಲ್ಲಿದೆ?" ಇನ್ನೊಂದು ಬಣ್ಣದ ದಾರ ಹಾಕಿ ತೋರಿಸೋಣ ಅಂದುಕೊಂಡೆ.

ಶಿವಮೊಗ್ಗ ಫಿಸಿಯೋ:

ದಾರ ಬೇಡ. ನರ ಏನನ್ನೂ ಎಳೆಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ತೋಳಿನ ನರಗಳಲ್ಲಿ ಆ ಸುದ್ದಿ ಸೆಕೆಂಡಿಗೆ ಸುಮಾರು 50ರಿಂದ 60 ಮೀಟರ್ ವೇಗದಲ್ಲಿ ಹೋಗುತ್ತದೆ. ಸ್ನಾಯುವಿನ ಹತ್ತಿರ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ, ಆಮೇಲೆ ಸ್ನಾಯು ಕುಗ್ಗುತ್ತದೆ.

ಹಾಗಾಗಿ ಮೂರು ಸಣ್ಣ ಬಲ್ಬ್ ಹಾಕಿ, ಮೂರು ಸ್ವಿಚ್ ಕೊಡಿ. ಕುತ್ತಿಗೆಯ ಹತ್ತಿರ ಬೆನ್ನುಹುರಿಯಿಂದ ಹೊರಟು ಕೈಗೆ ಬರುವ ಮೂರು ಮುಖ್ಯ ನರಗಳಿಗೆ ಒಂದೊಂದು: ಮೀಡಿಯನ್, ಅಲ್ನಾರ್, ರೇಡಿಯಲ್. ದಾರ ಎಳೆಯುವುದಕ್ಕೆ ಮಕ್ಕಳೇ ನಿಲ್ಲಲಿ. ತನ್ನ ಬಲ್ಬ್ ಹತ್ತಿದರೆ ಮಾತ್ರ ಎಳೆಯಬೇಕು. ಮೀಡಿಯನ್ ಪಾಲಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮಡಚುವುದು. ಅಲ್ನಾರ್ ಪಾಲಿಗೆ ಉಂಗುರ ಬೆರಳು ಮತ್ತು ಕಿರುಬೆರಳಿನ ಆಳದ ದಾರ. ನಿಜವಾದ ಕೈಯಲ್ಲಿ ಅಂಗೈಯ ಬಹುಪಾಲು ಸಣ್ಣ ಸ್ನಾಯುಗಳೂ ಅದಕ್ಕೇ ಸೇರಿದವು. ಮೊಣಕೈ ಎಲ್ಲಾದರೂ ತಾಗಿದಾಗ ಕಿರುಬೆರಳಿನವರೆಗೆ ಝುಮ್ ಅನ್ನುವುದು ಇದೇ ನರ. ರೇಡಿಯಲ್ ಪಾಲಿಗೆ ಹಿಂಬದಿಯದೆಲ್ಲ: ಬೆರಳು ಬಿಚ್ಚುವುದು, ಮಣಿಕಟ್ಟು ಮೇಲೆತ್ತುವುದು.

ಈಗ ರೇಡಿಯಲ್ ಬಲ್ಬ್ ಆರಿಸಿ, ಉಳಿದೆರಡು ಉರಿಯಲಿ. ಮಣಿಕಟ್ಟು ಜೋತು ಬೀಳುತ್ತದೆ. ಮಡಚುವ ಸ್ನಾಯುಗಳಿಗೆ ಏನೂ ಆಗಿಲ್ಲ, ಆದರೂ ಮುಷ್ಟಿ ಗಟ್ಟಿಯಾಗುವುದಿಲ್ಲ. ಮಣಿಕಟ್ಟು ಬಾಗಿದಾಗ ಆ ದಾರಗಳು ಸಡಿಲವಾಗಿಬಿಡುತ್ತವೆ. ನಿಮ್ಮದೇ ಮಣಿಕಟ್ಟು ಪೂರ್ತಿ ಬಗ್ಗಿಸಿ ಪೆನ್ನು ಬಿಗಿ ಹಿಡಿಯಲು ನೋಡಿ, ಗೊತ್ತಾಗುತ್ತದೆ.

ತೀರ್ಥಹಳ್ಳಿ ಮೇಷ್ಟ್ರು:

ಬಲ್ಬ್ ಹಾಕಿ ನೋಡಿದೆವು. ಮಣಿಕಟ್ಟು ಬಿತ್ತು, ಆದರೆ ಮುಷ್ಟಿ ಗಟ್ಟಿಯಾಗೇ ಇದೆ ಮೇಡಂ. ಹುಡುಗರು ಇನ್ನೂ ಜಾಸ್ತಿ ಎಳೆದು ಮುಚ್ಚಿಬಿಡುತ್ತಾರೆ.

ಶಿವಮೊಗ್ಗ ಫಿಸಿಯೋ:

ಎಳೆಯುವ ದೂರಕ್ಕೆ ತಡೆ ಹಾಕಿ. ಮಣಿಕಟ್ಟನ್ನು ಹಿಂದಕ್ಕೆ 20ರಿಂದ 30 ಡಿಗ್ರಿ ಎತ್ತಿ ಹಿಡಿಯಿರಿ. ಹಾಗಿರುವಾಗ ಮುಷ್ಟಿ ಪೂರ್ತಿ ಮುಚ್ಚಲು ದಾರ ಎಷ್ಟು ಸರಿಯಬೇಕೋ ಅಷ್ಟು ಗುರುತು ಮಾಡಿ. ಅದಕ್ಕಿಂತ ಮುಂದೆ ಹೋಗದ ಹಾಗೆ ದಾರಕ್ಕೆ ಒಂದು ಮಣಿ ಕಟ್ಟಿ. ಆಮೇಲೆ ಮಣಿಕಟ್ಟು ಬಿದ್ದರೆ ಮುಷ್ಟಿಯೂ ಸಡಿಲವಾಗುತ್ತದೆ. ಯಾರಾದರೂ ಕೆಳಗಿನಿಂದ ಮಣಿಕಟ್ಟನ್ನು ಎತ್ತಿ ಹಿಡಿದರೆ ಹಿಡಿತ ವಾಪಸ್ ಬರುತ್ತದೆ. ರೇಡಿಯಲ್ ನರಕ್ಕೆ ಪೆಟ್ಟಾದವರಿಗೆ ನಾವು ಮಣಿಕಟ್ಟಿಗೆ ಸ್ಪ್ಲಿಂಟ್, ಅಂದರೆ ಅದನ್ನು ಎತ್ತಿ ಹಿಡಿಯುವ ಆಸರೆ ಪಟ್ಟಿ, ಕಟ್ಟುವುದೂ ಇದಕ್ಕೇ.

ಸಾಗರದ ಉಳಿ:

ಮಣಿಯನ್ನು ಕೊಕ್ಕೆಯ ಬೆರಳ ಕಡೆಗೆ ಹಾಕಿ ಮೇಷ್ಟ್ರೇ, ಎಳೆದಾಗ ಬಂದು ಕೊಕ್ಕೆಗೇ ತಡೆದು ನಿಲ್ಲುತ್ತದೆ. ಆದರೆ ಕೊಕ್ಕೆ ಮಣಿಕಟ್ಟಿನ ಕೀಲಿಗಿಂತ ಹಿಂದೆ, ಮುಂಗೈ ಹಲಗೆಯ ಮೇಲೇ ಇರಬೇಕು. ಅಂಗೈ ಮೇಲಿದ್ದರೆ ಮಣಿಕಟ್ಟು ಬಾಗಿದರೂ ದಾರ ಸಡಿಲವಾಗುವುದಿಲ್ಲ.