‘ಗುಳಿಗಿ ಅರ್ಧಾ ಮಾಡ್ರಿ’ ಫಾರ್ವರ್ಡ್ ಮ್ಯಾಲ ಡಾಕ್ಟರ್ ಬ್ಯಾಚಿನ ಗುಂಪಿನ್ಯಾಗ

ಬಾಗಲಕೋಟ ಫಿಜಿಶಿಯನ್: [ಫಾರ್ವರ್ಡ್] ಕಸಿ ಮಾಡಿದ ಕಿಡ್ನಿ ಕೆಡುವುದು ಟ್ಯಾಕ್ರೋಲಿಮಸ್ ವಿಷದಿಂದ. ಎರಡು ವರ್ಷದ ನಂತರ ಗುಳಿಗೆ ಅರ್ಧ ಮಾಡಿ.

ಬೆಳಗಾವಿ ನೆಫ್ರೋ (ಕಿಡ್ನಿ ತಜ್ಞ): ಇದನ್ನ ಅಳಸ್ರಿ ಮೊದಲ. ಕಸಿ ಕಿಡ್ನಿಯನ್ನ ದೇಹ ತಿರಸ್ಕರಿಸದಂಗ ಕಾಯೋ ಗುಳಿಗಿ ಅದು. ಪೇಶಂಟ್ ಕೈಗೆ ಹೋದ್ರ ನಾಳಿಂದನ ಅರ್ಧಾ ನುಂಗ್ತಾರ.

ಬಾಗಲಕೋಟ ಫಿಜಿಶಿಯನ್: ಪೂರ್ತಿ ಸುಳ್ಳಲ್ರಿ. 2003ರಾಗ ಸಿಡ್ನಿಯವರು 120 ಮಂದಿಗೆ ಮತ್ತ ಮತ್ತ ಬಯಾಪ್ಸಿ ಮಾಡಿ ತೋರಿಸ್ಯಾರ. 10 ವರ್ಷಕ್ಕ ಹೆಚ್ಚೂಕಡಿಮಿ ಎಲ್ಲಾ ಕಿಡ್ನಿಯೊಳಗೂ ಔಷಧದ ಪೆಟ್ಟು.

ವಿಜಯಪುರ ಪೆಥಾಲಜಿ: ಅವರೊಳಗ ಹೆಚ್ಚಿನವ್ರು ಟ್ಯಾಕ್ರೋ ಅಲ್ಲ, ಅದ ಗುಂಪಿನ ಹಳೇ ಔಷಧ ಸೈಕ್ಲೋಸ್ಪೋರಿನ್ ಮ್ಯಾಲ ಇದ್ರು. ಸಣ್ಣ ರಕ್ತನಾಳದ ಗೋಡಿಯೊಳಗ ಹಯಲಿನ್ (ಗಾಜಿನಂಥ ಪ್ರೊಟೀನ್ ಪದರ) ಕಂಡ್ರ ಔಷಧದ್ದ ಅಂತ ಹೆಂಗ ಹೇಳ್ತೀರಿ? ಬಿಪಿಗೂ ಬರ್ತದ, ಶುಗರಿಗೂ ಬರ್ತದ, ವಯಸ್ಸಾದ ದಾನಿಯ ಕಿಡ್ನಿಯೊಳಗ ಮೊದಲ ಇರ್ತದ. ‘ಕ್ರಾನಿಕ್ ಅಲೋಗ್ರಾಫ್ಟ್ ನೆಫ್ರೋಪಥಿ’ ಅನ್ನೋ ಹೆಸರನ್ನ ಕಸಿ ಬಯಾಪ್ಸಿ ಓದೋ ನಿಯಮ ಮಾಡೋ ಬ್ಯಾನ್ಫ್‌ನವ್ರು 2005ರ ಸಭಾದಾಗ ಕೈಬಿಟ್ಟದ್ದು ಇದಕ್ಕ. ಕಿಡ್ನಿಯೊಳಗ ಗಾಯದ ಕಲಿ ಬಿದ್ದದ ಅಂತಿತ್ತು ಆ ಹೆಸರು, ಯಾಕ ಅಂತ ಹೇಳ್ತಿದ್ದಿಲ್ಲ.

ಬೆಳಗಾವಿ ನೆಫ್ರೋ: ಡೋಸ್ ಕಡಿಮಿ ಬಿತ್ತಂದ್ರ ದಾನಿಯ ಎಚ್‌ಎಲ್‌ಎ (ಜೀವಕೋಶದ ಗುರುತಿನ ಪ್ರೊಟೀನ್) ವಿರುದ್ಧ ಹೊಸಾ ಆಂಟಿಬಾಡಿ ಹುಟ್ಟತಾವ. ಕ್ಯಾಪಿಲರಿ (ಕೂದಲೆಳಿಯಂಥ ರಕ್ತನಾಳ) ಒಳಪದರಕ್ಕ ತಿಂಗಳಾನುಗಟ್ಲೆ ಬಡದು ಗ್ಲೊಮೆರುಲಸ್ (ಕಿಡ್ನಿಯ ಸೋಸೋ ಜರಡಿ) ಗೋಡಿ ಎರಡು ಗೆರಿ ಆಕ್ಕೈತಿ, ಮೂತ್ರದಾಗ ಪ್ರೊಟೀನ್ ಸೋರತೈತಿ. ಕಿಡ್ನಿ ಸೋತದ್ದು ತೋರಸೋ ಕ್ರಿಯಾಟಿನಿನ್ ರಕ್ತದಾಗ ಏರೂದ್ರೊಳಗ ತಡಾ ಆಗಿರತೈತಿ. ಆ ಹಂತದಾಗ ಖಾತ್ರಿ ಮದ್ದಿಲ್ಲ.

ಬಾಗಲಕೋಟ ಫಿಜಿಶಿಯನ್: ಕಸಿ ಕಿಡ್ನಿ ಕೆಡಸೋ ಬಿಕೆ ವೈರಸ್ ಬಂದ್ರ ಡೋಸ್ ಇಳಸಾಕ ಬೇಕಲ್ಲ?

ಬೆಳಗಾವಿ ನೆಫ್ರೋ: ಬೇಕು, ಆದ್ರ ರಕ್ತದ ಪಿಸಿಆರ್ (ವೈರಸ್ ಎಣಿಸೋ ತಪಾಸಣಿ) ನೋಡಿ. ಮಿಲಿಲೀಟರಿಗೆ ವೈರಸ್ಸಿನ 10,000 ಪ್ರತಿ ದಾಟಿದ್ರ ಸಾಮಾನ್ಯವಾಗಿ ಜೊತಿಗೆ ಕೊಡೋ ಇನ್ನೊಂದು ತಿರಸ್ಕಾರ ತಡೆಯೋ ಔಷಧ ಮೈಕೋಫಿನೊಲೇಟ್ ಮೊದಲ ಇಳಸ್ತೀವಿ, ಆಮ್ಯಾಲ ಟ್ಯಾಕ್ರೋ. ಮತ್ತ ಪಿಸಿಆರ್, ಜೊತಿಗೆ ಆಂಟಿಬಾಡಿ ತಪಾಸಣಿ. ಫಾರ್ವರ್ಡ್ ನೋಡಿ ಇಳಸೂದಲ್ಲ.

ವಿಜಯಪುರ ಪೆಥಾಲಜಿ: ಬಯಾಪ್ಸಿ ಕಳಸೋವಾಗ ಒಂದ ತುಣುಕು ಕಳಸಬ್ಯಾಡ್ರಿ. 10 ಗ್ಲೊಮೆರುಲಸ್, 2 ಅಪಧಮನಿ ಸಿಗಬೇಕು, ಅಂದ್ರ ಎರಡು ಕೋರ್ (ಸೂಜಿ ತುಣುಕು). ಸಿ4ಡಿ (ಆಂಟಿಬಾಡಿ ಪೆಟ್ಟಿನ ಗುರುತು), ಎಸ್‌ವಿ40 (ಬಿಕೆ ವೈರಸ್ ಗುರುತು) ಬಣ್ಣ ಬೇಕಂತ ಚೀಟಿ ಮ್ಯಾಲ ಬರೀರಿ. ಸಿ4ಡಿ ಬರಲಿಲ್ಲ ಅಂದ ಮಾತ್ರಕ್ಕ ಆಂಟಿಬಾಡಿ ಪೆಟ್ಟು ಇಲ್ಲ ಅಂತ ತಿಳೀಬ್ಯಾಡ್ರಿ.

ಬಾಗಲಕೋಟ ಫಿಜಿಶಿಯನ್: ರಕ್ತದಾಗ ಟ್ಯಾಕ್ರೋ ಲೆವೆಲ್ (ಮಿಲಿಲೀಟರಿಗೆ ನ್ಯಾನೊಗ್ರಾಂ) ಒಮ್ಮೆ 3, ಒಮ್ಮೆ 11 ಬಂದ್ರ?

ಬೆಳಗಾವಿ ನೆಫ್ರೋ: ಆ ಏರಿಳಿತನ ಕಿಡ್ನಿ ತಿನ್ನೂದು. ಮುಂಜಾನಿ ಗುಳಿಗಿ ನುಂಗಿ ರಕ್ತ ಕೊಟ್ಟಾರೇನು ಕೇಳ್ರಿ. ರಾತ್ರಿ ಗುಳಿಗಿ ಆಗಿ 12 ತಾಸಿಗೆ, ಮುಂಜಾನಿದು ನುಂಗೂಕಿಂತ ಮೊದಲ ತಗೀಬೇಕು. ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್ ಲೆವೆಲ್ ಇಳಸ್ತಾವ. ಬಿಪಿಯ ಡಿಲ್ಟಿಯಾಜೆಮ್, ಫಂಗಸ್ಸಿನ ಫ್ಲುಕೊನಜೋಲ್, ಆಂಟಿಬಯೋಟಿಕ್ ಕ್ಲಾರಿಥ್ರೋಮೈಸಿನ್ ಏರಸ್ತಾವ. ಭೇದಿ ಹತ್ತಿದ್ರೂ ಏರತೈತಿ. ಅಂಗಡಿಯವ್ರು ಬ್ಯಾರೆ ಕಂಪನಿ ಗುಳಿಗಿ ಕೊಟ್ರ ವಾರದಾಗ ಮತ್ತ ನೋಡ್ರಿ.

ಬಾಗಲಕೋಟ ಫಿಜಿಶಿಯನ್: ಅಳಿಸೀನಿ. ಆದ್ರ ಸ್ಥಿರ ಇದ್ದವರನ್ನ ವರ್ಷಾನುಗಟ್ಲೆ 10ರ ಮ್ಯಾಲ ಇಡೂದೂ ತಪ್ಪು, ಅದನ್ನೂ ಬರೀರಿ.

ಬೆಳಗಾವಿ ನೆಫ್ರೋ: ಖರೇ. ವರ್ಷ ಕಳದು ಆಂಟಿಬಾಡಿ ಇಲ್ಲದವರಿಗೆ 5ರಿಂದ 8 ಸಾಕು. 5ರ ಕೆಳಗ ಇಳಸೂದಿದ್ರ ನಮಗೊಂದು ಫೋನ್ ಮಾಡ್ರಿ.